ನೈಲಾನ್ ತಂತಿಯ ಊರುಗಳಲ್ಲಿ: ಗ್ರನಾಡಾದಿಂದ ಅಲ್ಮೆರಿಯಾಕ್ಕೆ

ಸ್ಪೇನ್ ದೇಶದ ದಕ್ಷಿಣಕ್ಕೆ ಗ್ರನಾಡಾ ಎಂಬ ಹಳೆಯ ಊರಿದೆ. ಊರ ನಡುವೆ ಪ್ಲಾಸಾ ನುಯೇವಾ ಎಂಬ ಚೌಕ. ಅಲ್ಲಿಂದ ಅಲ್‌ಹಂಬ್ರಾ ಅರಮನೆಯ ಗುಡ್ಡಕ್ಕೆ ಹತ್ತುವ ಇಕ್ಕಟ್ಟಾದ, ಕಡಿದಾದ ಬೀದಿಯ ಹೆಸರು ಕ್ವೆಸ್ತಾ ದೆ ಗೊಮೆರೆಸ್. ಪ್ರವಾಸಿಗರು ಈ ಏರನ್ನು ಏದುಸಿರು ಬಿಡುತ್ತಾ ಹತ್ತಿ, ಮೇಲಿನ ಕಲ್ಲಿನ ಹೆಬ್ಬಾಗಿಲನ್ನು ದಾಟಿ ಅರಮನೆಯತ್ತ ಹೋಗಿಬಿಡುತ್ತಾರೆ. ಸ್ವಲ್ಪ ನಿಂತು ಎಡಬಲ ನೋಡಿದವರಿಗೆ ಬಾಗಿಲ ಹಿಂದೆ ಮರದ ಹೊಟ್ಟು, ಅಂಟಿನ ಪಾತ್ರೆ, ಗೋಡೆಗೆ ತೂಗುಹಾಕಿದ ಹಲಗೆಗಳು ಕಾಣುತ್ತವೆ. ಇದು ಗಿಟಾರ್ ಮಾಡುವವರ ಬೀದಿ. ಇಲ್ಲಿ ಗಿಟಾರ್ ಎಂದರೆ ಕೈಯಿಂದ ಮಾಡಿದ, ನೈಲಾನ್ ತಂತಿಯ ಗಿಟಾರ್.

ಕಥೋಲಿಕರಾದ ನಮಗೆ ಈ ಬೀದಿಯಲ್ಲಿ ನಿಲ್ಲಲು ಇನ್ನೊಂದು ಕಾರಣವೂ ಇದೆ. ರೋಗಿಗಳ ಪಾಲಕ ಸಂತ ಜಾನ್ ಆಫ್ ಗಾಡ್ ತಮ್ಮ ಆಸ್ಪತ್ರೆಯನ್ನು ನಡೆಸಿದ್ದು ಇದೇ ಏರಿನಲ್ಲಿ. ಬೀದಿಯಲ್ಲಿ ಬಿದ್ದಿದ್ದ ರೋಗಿಗಳನ್ನು ಹೆಗಲ ಮೇಲೆ ಹೊತ್ತು ತರುತ್ತಿದ್ದರಂತೆ. 1550ರ ಮಾರ್ಚ್ 8ರಂದು ಅವರು ಪ್ರಾಣ ಬಿಟ್ಟ ಮನೆ ಚೌಕದ ಪಕ್ಕದಲ್ಲೇ ಇದೆ. ಈಗ ಅದೊಂದು ವಸ್ತುಸಂಗ್ರಹಾಲಯ. ಬರಿಗೈಲಿ ಹತ್ತುವುದೇ ಕಷ್ಟವಾದ ಈ ಏರಿನಲ್ಲಿ ಇನ್ನೊಬ್ಬರನ್ನು ಹೊತ್ತು ನಡೆಯುವುದೆಂದರೇನು ಎಂದು ಆಗಸ್ಟ್ ತಿಂಗಳ ಬಿಸಿಲಿನಲ್ಲಿ ಚೆನ್ನಾಗಿ ಅರ್ಥವಾಗುತ್ತದೆ.

ನಾವು ಅಲ್ಲಿಗೆ ಹೋದದ್ದು 2023ರಲ್ಲಿ. ಆಗಸ್ಟ್ 1ರಿಂದ 6ರವರೆಗೆ ಪೋರ್ಚುಗಲ್‌ನ ಲಿಸ್ಬನ್ ನಗರದಲ್ಲಿ ಪೋಪ್ ಫ್ರಾನ್ಸಿಸರ ಸಮ್ಮುಖದಲ್ಲಿ ವಿಶ್ವ ಯುವಜನ ದಿನ ನಡೆಯಿತು. ಅದಕ್ಕೆ ಹೋದ ತಂಡದಲ್ಲಿ ತಾಳವಾಡಿ ಸೀಮೆಯ ನಮ್ಮ ಧರ್ಮಕೇಂದ್ರದ ಒಬ್ಬ ಹುಡುಗನಿದ್ದ. ಗಾಯನ ವೃಂದದಲ್ಲಿ ಗಿಟಾರ್ ನುಡಿಸುವವನು. ಉಳಿದವರು ಫಾತಿಮಾ ಮಾತೆಯ ದರ್ಶನ ಮುಗಿಸಿ ಊರಿಗೆ ಹೊರಟರು. ನನಗೆ ಒಂದು ವಾರ ಬಿಡುವಿತ್ತು, ಅವನಿಗೆ ಆಸೆಯಿತ್ತು. ಬಸ್ಸು ಹಿಡಿದು ಸೆವಿಲ್ಲೆ ಮೂಲಕ ಗ್ರನಾಡಾಕ್ಕೆ ಬಂದೆವು.

ಆಸೆಯ ಹಿಂದೆ ಊರಿನ ಒಂದು ಚಿಂತೆಯೂ ಇತ್ತು. ನಮ್ಮ ಗಾಯನ ವೃಂದವನ್ನು ಇಪ್ಪತ್ತೆಂಟು ವರ್ಷದಿಂದ ನಡೆಸಿಕೊಂಡು ಬಂದವರು ಒಬ್ಬ ನಿವೃತ್ತ ಶಿಕ್ಷಕರು. ಎಲ್ಲರಿಗೂ ಅವರು ಮಾಸ್ಟರು. ಸಕ್ಕರೆ ಕಾಯಿಲೆಯಿಂದ ಅವರ ಬೆರಳ ತುದಿಗಳು ಒಡೆದು, ಉಕ್ಕಿನ ತಂತಿ ಒತ್ತಿದರೆ ರಕ್ತ ಒಸರುತ್ತಿತ್ತು. ಪಾಸ್ಕ ಹಬ್ಬದ ರಾತ್ರಿ ಪೂಜೆ ಮುಗಿದ ಮೇಲೆ ಬೆರಳಿಗೆ ಸುತ್ತಿದ ಬಟ್ಟೆ ಬಿಚ್ಚುತ್ತಾ, "ಇನ್ನು ನನ್ನಿಂದ ಆಗಲ್ಲ ಸ್ವಾಮಿ. ಹುಡುಗರಿಗೆ ಬಿಟ್ಟುಕೊಡ್ತೀನಿ" ಅಂದರು. ಹುಡುಗರು ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ಮಾಸ್ಟರು ಹೋದರೆ ಅವರೊಂದಿಗೆ ಹೋಗುವುದು ಗಿಟಾರ್ ಮಾತ್ರವಲ್ಲ. ಗಡಿಯ ಈಚೆ ನಮ್ಮ ಮಕ್ಕಳಲ್ಲಿ ಅನೇಕರು ತಮಿಳು, ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. ಮನೆಯ ಕನ್ನಡ ಬಾಯಲ್ಲಿದೆ, ಪುಸ್ತಕದ ಕನ್ನಡ ಕಣ್ಣಿಗೆ ಬೀಳುವುದಿಲ್ಲ. ಅವರ ಕಿವಿಗೆ ಬೀಳುವ ಗ್ರಂಥದ ಕನ್ನಡವೆಂದರೆ ಭಾನುವಾರದ ವಾಚನಗಳು ಮತ್ತು ಹಾಡುಗಳು. ಅದನ್ನು ತಿದ್ದಿ ಕಲಿಸುತ್ತಿದ್ದವರು ಮಾಸ್ಟರೊಬ್ಬರೇ.

ನೈಲಾನ್ ತಂತಿ ಬೆರಳಿಗೆ ಮೃದು ಎಂದು ಹುಡುಗನಿಗೆ ಯಾರೋ ಹೇಳಿದ್ದರು. ಆದರೆ ಆ ಗಿಟಾರಿನ ಮೇಲೆ ಅವನಿಗೆ ಅಷ್ಟೊಂದು ಗೌರವವಿರಲಿಲ್ಲ. ನಮ್ಮ ಕಡೆಯ ಅಂಗಡಿಗಳಲ್ಲಿ ನೇತುಹಾಕಿರುವ ಗಿಟಾರುಗಳಲ್ಲಿ ಹೆಚ್ಚಿನವು ಉಕ್ಕಿನ ತಂತಿಯವು. ನೈಲಾನಿನದು ಮೂಲೆಯಲ್ಲಿರುತ್ತದೆ, ಚಿಕ್ಕ ಮಕ್ಕಳಿಗೆ ಕೊಡಿಸುವಂಥದ್ದು ಎಂಬ ಭಾವನೆ. ಉಕ್ಕಿನ ತಂತಿಯಲ್ಲಿ ಪಳಗಿದವನು ನೈಲಾನಿಗೆ ಹೋಗುವುದೆಂದರೆ ಮೇಲಿನ ತರಗತಿಯಿಂದ ಒಂದನೇ ತರಗತಿಗೆ ಇಳಿದ ಹಾಗೆ ಎಂದು ಅವನು ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ.

ಕ್ವೆಸ್ತಾ ದೆ ಗೊಮೆರೆಸ್‌ನಲ್ಲಿ ಮಧ್ಯಾಹ್ನ ಎರಡರಿಂದ ಐದರವರೆಗೆ ಯಾರೂ ಬಾಗಿಲು ತೆರೆಯುವುದಿಲ್ಲ. ಆಗಸ್ಟ್ ಆದ್ದರಿಂದ ಕೆಲವರು ತಿಂಗಳಿಡೀ ರಜೆ ಹಾಕಿದ್ದರು. ಸಂಜೆ ತೆರೆದ ಒಂದು ಅಂಗಡಿಗೆ ಹೋದೆವು. ಒಳಗೆ ಅರವತ್ತು ದಾಟಿದ ಒಬ್ಬರು ಏಪ್ರನ್ ಕಟ್ಟಿಕೊಂಡು ತೆಳ್ಳನೆಯ ಹಲಗೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಅವರ ಸ್ಪ್ಯಾನಿಷ್ ನನಗೆ ಬಾರದು, ನನ್ನ ಅರೆಬರೆ ಇಟಾಲಿಯನ್ ಅವರಿಗೆ ಹೇಗೋ ತಿಳಿಯಿತು. ಹುಡುಗ ಗಿಟಾರ್ ನುಡಿಸುವವನೆಂದು ಹೇಳಿದ್ದೇ ತಡ, ಗೋಡೆಯಿಂದ ಒಂದನ್ನು ಇಳಿಸಿ ಅವನ ಕೈಗಿತ್ತರು. ಹಕ್ಕಿಯಷ್ಟು ಹಗುರ. ಹುಡುಗ ಕುಳಿತು ಜೇಬಿಗೆ ಕೈಹಾಕಿ ಪ್ಲಾಸ್ಟಿಕ್ ಪಿಕ್ ತೆಗೆದ. ಆ ಹಿರಿಯರು ಒಂದೂ ಮಾತಾಡದೆ ಅವನ ಬೆರಳ ಸಂದಿಯಿಂದ ಅದನ್ನು ತೆಗೆದು ಮೇಜಿನ ಮೇಲಿಟ್ಟು, ತಮ್ಮ ಬಲಗೈಯ ಉಗುರುಗಳನ್ನು ತೋರಿಸಿದರು.

ಹುಡುಗ ಬೆರಳಿನಿಂದಲೇ ನಮ್ಮ ಪ್ರವೇಶ ಗೀತೆಗೆ ಹಾಕುವ ಹೊಡೆತ ಹಾಕಿದ. ಮನೆಯಲ್ಲಿ ಅವನ ಗಿಟಾರಿಗೆ ಹಾಗೆ ಹೊಡೆದರೆ ಗುಡಿ ತುಂಬುತ್ತದೆ. ಇಲ್ಲಿ 'ಧಡ್' ಎಂಬ ಸದ್ದು ಬಂದು ನಿಂತುಹೋಯಿತು. ಇನ್ನೂ ಜೋರಾಗಿ ಹೊಡೆದ, ಸದ್ದು ಇನ್ನೂ ಕೆಟ್ಟಿತು. ಎಡಗೈಗೂ ತೊಂದರೆ. ಉಕ್ಕಿನ ತಂತಿಯ ಗಿಟಾರಿನ ಕತ್ತು ಮೇಲ್ತುದಿಯಲ್ಲಿ ಸುಮಾರು 43 ಮಿಲಿಮೀಟರ್ ಅಗಲ, ಬೆರಳು ಒತ್ತುವ ಪಟ್ಟಿ ಸ್ವಲ್ಪ ಉಬ್ಬಾಗಿರುತ್ತದೆ. ಇದರದ್ದು 52 ಮಿಲಿಮೀಟರ್, ಪಟ್ಟಿ ಮಣೆಯಂತೆ ಸಪಾಟು. ಹೆಬ್ಬೆರಳನ್ನು ಕತ್ತಿನ ಮೇಲಿಂದ ಬಳಸಿ ದಪ್ಪ ತಂತಿಯನ್ನು ಒತ್ತುವುದು ಅವನಿಗೆ ಅಭ್ಯಾಸ, ಇಲ್ಲಿ ಅದು ಎಟುಕಲೇ ಇಲ್ಲ. ಹೆಬ್ಬೆರಳು ಹಿಂದೆ ನಿಲ್ಲಬೇಕು, ಮಣಿಕಟ್ಟು ಮುಂದೆ ಬರಬೇಕು, ಎಡಗಾಲನ್ನು ಚಿಕ್ಕ ಮಣೆಯ ಮೇಲಿಟ್ಟು ಗಿಟಾರನ್ನು ಎದೆಗೆ ಓರೆಯಾಗಿ ಹಿಡಿಯಬೇಕು. ಹತ್ತು ವರ್ಷದಿಂದ ನುಡಿಸುತ್ತಿದ್ದವನಿಗೆ ಕೂರುವುದರಿಂದಲೇ ಪಾಠ ಶುರುವಾಯಿತು.

ಆಮೇಲೆ ಆ ಹಿರಿಯರು ತಾವೇ ತೆಗೆದುಕೊಂಡು ಒಂದೇ ಒಂದು ತಂತಿಯನ್ನು ಮೀಟಿದರು. ಮೊದಲು ಸೇತುವೆಯ ಹತ್ತಿರ ಮೀಟಿದರು, ತಗಡಿನ ಹಾಗೆ ಕೇಳಿಸಿತು. ಬಾಯಿಯ ಮೇಲೆ ಮೀಟಿದರು, ದುಂಡಗಾಯಿತು. ಕತ್ತಿನ ಕಡೆ ಸರಿದು ಮೀಟಿದರು, ಯಾರೋ ಪಕ್ಕದ ಕೋಣೆಯಲ್ಲಿ ಹಾಡಿದಂತಾಯಿತು. ಅದೇ ತಂತಿ, ಅದೇ ಸ್ವರ. ಹುಡುಗ ಮೇಜಿನ ಮೇಲಿದ್ದ ಪಿಕ್ಕನ್ನು ಎತ್ತಿ ಜೇಬಿಗೆ ಹಾಕಿಕೊಂಡ. ಆ ಸಂಜೆ ಮತ್ತೆ ಹೊರತೆಗೆಯಲಿಲ್ಲ.

ಹೊರಡುವ ಮೊದಲು ಆ ಹಿರಿಯರು ಗಿಟಾರನ್ನು ತಿರುಗಿಸಿ ಅದರ ಬೆನ್ನಿಗೆ ತಟ್ಟಿ, "ಇಂದಿಯಾ!" ಎಂದು ನಕ್ಕರು. ಕಡುಗಂದು ಬಣ್ಣ, ನಡುನಡುವೆ ಕಪ್ಪು ಗೆರೆ. ಹುಡುಗನ ತಾತ ಬಡಗಿ. "ಸ್ವಾಮಿ, ಇದು ಬೀಟೆ!" ಎಂದ. ನಿಜ. ನಮ್ಮ ಪಶ್ಚಿಮ ಘಟ್ಟಗಳಲ್ಲಿ, ವಯನಾಡು ನೀಲಗಿರಿಗಳಲ್ಲಿ ಬೆಳೆಯುವ, ಮೈಸೂರಿನವರು ಕೆತ್ತನೆ ಕೂರಿಸುವ ಅದೇ ಮರ. ಹಿಂದೆ ಗಿಟಾರಿನ ಬೆನ್ನಿಗೆ ಬ್ರೆಜಿಲ್‌ನ ಜಾತಿಯನ್ನು ಬಳಸುತ್ತಿದ್ದರು. ಕಾಡು ಬರಿದಾಗುತ್ತಾ ಬಂದು, 1992ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಬಿತ್ತು. ಈಗ ಬಹುಮಟ್ಟಿಗೆ ನಮ್ಮ ಬೀಟೆಯೇ ಅದರ ಜಾಗದಲ್ಲಿದೆ. ಸ್ಪೇನಿನವರು ಇದನ್ನು ಕರೆಯುವುದು ಪಾಲೊ ಸಾಂತೊ ಎಂದು. ಅಂದರೆ ಪವಿತ್ರ ಮರ. ನಮ್ಮ ಊರಿನ ಹಳೆಯ ಮಂಚ, ಬೀರುಗಳಿಗೆ ಇಂಥ ಹೆಸರಿದೆಯೆಂದು ನಮಗೇ ತಿಳಿದಿರಲಿಲ್ಲ.

ನೈಲಾನ್ ತಂತಿಯೂ ಬಹಳ ಹಳೆಯದಲ್ಲ. ಎಂಬತ್ತು ವರ್ಷಗಳ ಹಿಂದಿನವರೆಗೆ ಈ ಗಿಟಾರಿಗೆ ಕಟ್ಟುತ್ತಿದ್ದುದು ಕುರಿಯ ಕರುಳಿನಿಂದ ಹೊಸೆದ ತಂತಿ. ಬೆವರಿಗೆ ಜಾರುತ್ತಿತ್ತು, ಮಳೆಗೆ ಸಡಿಲವಾಗುತ್ತಿತ್ತು, ಕಛೇರಿಯ ನಡುವೆ ಕಿತ್ತುಹೋಗುತ್ತಿತ್ತು. ಎರಡನೆಯ ಮಹಾಯುದ್ಧ ಬಂದಾಗ ಕರುಳೆಲ್ಲ ಗಾಯಾಳುಗಳಿಗೆ ಹೊಲಿಗೆ ಹಾಕುವ ದಾರಕ್ಕೆ ಹೋಯಿತು, ಗಿಟಾರಿಗೆ ತಂತಿಯೇ ಇಲ್ಲದಂತಾಯಿತು. ಆಗ ನ್ಯೂಯಾರ್ಕಿನಲ್ಲಿ ಆಲ್ಬರ್ಟ್ ಆಗಸ್ಟೀನ್ ಎಂಬ ವಾದ್ಯ ತಯಾರಕರು ಡ್ಯುಪಾಂಟ್ ಕಂಪನಿಯ ನೈಲಾನ್ ಎಳೆಯಿಂದ ತಂತಿ ಮಾಡಿದರು. ಅದನ್ನು ಕಟ್ಟಿ ನುಡಿಸಿ ಲೋಕಕ್ಕೆಲ್ಲ ಪರಿಚಯಿಸಿದವರು ಆಂದ್ರೆಸ್ ಸೆಗೋವಿಯಾ. ಸೆಗೋವಿಯಾ ಹುಟ್ಟಿದ್ದು 1893ರಲ್ಲಿ ಲಿನಾರೆಸ್ ಎಂಬಲ್ಲಿ, ಬೆಳೆದದ್ದು ಈ ಗ್ರನಾಡಾದಲ್ಲಿ. ಅವರ ಮೊದಲ ಒಳ್ಳೆಯ ಗಿಟಾರ್ ಇದೇ ಊರಿನ ಬೆನಿತೊ ಫೆರ್ರೆರ್ ಮಾಡಿದ್ದು. ಮುಂದೆ ಸಾವಿರಾರು ಜನ ಕೂರುವ ಸಭಾಂಗಣಗಳಲ್ಲಿ ಮೈಕ್ ಇಲ್ಲದೆಯೇ ನುಡಿಸಿದರು. ಧ್ವನಿವರ್ಧಕ ಅವರಿಗೆ ಒಗ್ಗುತ್ತಿರಲಿಲ್ಲ. ಕೇಳಬೇಕಾದರೆ ಜನರೇ ಸದ್ದಡಗಿಸಿ ಕೂರಬೇಕಿತ್ತು, ಕೂರುತ್ತಿದ್ದರು. ಹಬ್ಬದ ದಿನ ನಾಲ್ಕು ಮೂಲೆಗೂ ಧ್ವನಿಪೆಟ್ಟಿಗೆ ಕಟ್ಟುವ ನಮ್ಮ ಊರುಗಳನ್ನು ನೆನೆದು ನನಗೆ ಒಳಗೊಳಗೇ ನಗು ಬಂತು.

ಮರುದಿನ ಬೆಳಿಗ್ಗೆ ಅಲ್‌ಹಂಬ್ರಾ ನೋಡಿದೆವು. ಅದರ ಕೊಳ, ಕಂಬ, ಕೆತ್ತನೆಗಳ ಬಗ್ಗೆ ಬರೆದವರು ಬೇಕಾದಷ್ಟಿದ್ದಾರೆ. ಹುಡುಗನ ಕಿವಿಯಲ್ಲಿದ್ದುದು 1899ರಲ್ಲಿ ಫ್ರಾನ್ಸಿಸ್ಕೊ ತಾರ್ರೆಗಾ ಈ ಅರಮನೆಯ ನೆನಪಿಗೆ ರಚಿಸಿದ ಗಿಟಾರ್ ಕೃತಿ. (ಈ ತಾರ್ರೆಗಾ ನಮಗೆ ಅಪರಿಚಿತರಲ್ಲ. ನೋಕಿಯಾ ಫೋನುಗಳ ಹಳೆಯ ರಿಂಗ್‌ಟೋನ್ ಅವರದೇ ಒಂದು ಕೃತಿಯ ತುಣುಕು!) ಅಲ್‌ಹಂಬ್ರಾದ ಕೃತಿಯಲ್ಲಿ ಹೆಬ್ಬೆರಳು ಕೆಳಗಿನ ಸ್ವರಗಳನ್ನು ಮೀಟುತ್ತಾ ಹೋಗುತ್ತದೆ. ಉಳಿದ ಮೂರು ಬೆರಳುಗಳು ಒಂದೇ ತಂತಿಯನ್ನು ಒಂದರ ಹಿಂದೊಂದರಂತೆ, ಎಡೆಬಿಡದೆ ಮೀಟುತ್ತವೆ. ಕೇಳುವವರಿಗೆ ಒಂದು ಉದ್ದನೆಯ ಸ್ವರ ನಡುಗುತ್ತಾ ತೇಲಿದಂತೆ ಕೇಳುತ್ತದೆ. ಯಾಕಿಷ್ಟು ಕಷ್ಟ ಎಂದರೆ, ನೈಲಾನಿನ ಸ್ವರ ಬೇಗ ಸಾಯುತ್ತದೆ. ಉಕ್ಕಿನ ತಂತಿಯನ್ನು ಒಮ್ಮೆ ಮೀಟಿ ಬಿಟ್ಟರೆ ಅದು ತಾನಾಗಿ ಗುಂಯ್‌ಗುಡುತ್ತಾ ಉಳಿಯುತ್ತದೆ, ಮುಂದಿನ ಹೊಡೆತ ಅದರ ಮೇಲೆ ಬೀಳುತ್ತದೆ, ನಡುವೆ ಖಾಲಿ ಜಾಗವೇ ಇರುವುದಿಲ್ಲ. ನೈಲಾನ್ ಖಾಲಿ ಜಾಗ ಬಿಡುತ್ತದೆ. ಅದನ್ನು ತುಂಬುವುದೋ ಹಾಗೇ ಬಿಡುವುದೋ ನುಡಿಸುವವನು ತೀರ್ಮಾನಿಸಬೇಕು. ಈ ಮಾತನ್ನು ಹುಡುಗ ಅಲ್ಲಿನ ಕೊಳದ ಕಟ್ಟೆಯ ಬಳಿ ನಿಂತು ತನ್ನದೇ ರೀತಿಯಲ್ಲಿ ಹೇಳಿದ: "ಸ್ವಾಮಿ, ನಮ್ಮ ಗಿಟಾರ್ ನಮಗೆ ತಪ್ಪು ಮುಚ್ಕೊಳ್ಳೋಕೆ ಸಹಾಯ ಮಾಡುತ್ತೆ. ಇದು ಮಾಡಲ್ಲ."

ಹಾಗೆಂದು ನೈಲಾನ್ ಎಂದರೆ ಯಾವಾಗಲೂ ಮೆಲುದನಿ ಎಂದುಕೊಳ್ಳಬೇಡಿ. ಅಂದು ರಾತ್ರಿ ಸಾಕ್ರೊಮೊಂತೆ ಗುಡ್ಡದ ಗುಹೆಯೊಂದರಲ್ಲಿ ಜಿಪ್ಸಿಗಳ ಫ್ಲಮೆಂಕೊ ಕೇಳಿದೆವು. ಅಲ್ಲಿಯೂ ನೈಲಾನ್ ತಂತಿಯೇ. ಆದರೆ ಬೆರಳುಗಳನ್ನು ಬೀಸಣಿಗೆಯಂತೆ ಬಿಡಿಸಿ ಹೊಡೆಯುವುದು, ಹಲಗೆಗೆ ಉಗುರಿನಿಂದ ಕುಟ್ಟುವುದು, ಕಾಲಿನ ತಾಳ, ಚಪ್ಪಾಳೆ ಎಲ್ಲ ಸೇರಿ ಗುಹೆ ಅದುರುತ್ತಿತ್ತು. ಅವರ ಗಿಟಾರಿನ ಬೆನ್ನು ಸಾಂಪ್ರದಾಯಿಕವಾಗಿ ಬೀಟೆಯದ್ದಲ್ಲ, ಸೈಪ್ರೆಸ್ ಮರದ್ದು; ಹಗುರ, ಸದ್ದು ಚುರುಕು. ವಾದ್ಯ ಮೆತ್ತಗಿದ್ದರೆ ಭಕ್ತಿ ಹೆಚ್ಚು ಎಂದು ಸುಲಭವಾಗಿ ಹೇಳಿಬಿಡುವವರು ಒಮ್ಮೆ ಅಲ್ಲಿಗೆ ಹೋಗಿ ಬರುವುದು ಒಳ್ಳೆಯದು.

ಗ್ರನಾಡಾದಿಂದ ಅಲ್ಮೆರಿಯಾಕ್ಕೆ ಬಸ್ಸಿನಲ್ಲಿ ಎರಡು ಗಂಟೆಗೂ ಹೆಚ್ಚು ದಾರಿ. ಬಲಕ್ಕೆ ಸಿಯೆರ್ರಾ ನೆವಾದಾ ಬೆಟ್ಟಸಾಲು. ದಾರಿಯಲ್ಲಿ ಗ್ವಾದಿಕ್ಸ್ ಸಿಗುತ್ತದೆ, ಮಣ್ಣಿನ ದಿಬ್ಬಗಳನ್ನೇ ಕೊರೆದು ಮನೆ ಮಾಡಿಕೊಂಡ ಊರು. ಮುಂದೆ ಹಸಿರು ಬತ್ತಿ, ನೆಲ ಬೋಳಾಗಿ, ಕೊನೆಗೆ ಸಮುದ್ರ ಕಾಣುತ್ತದೆ. ಕಡಲ್ಗಳ್ಳರ ಕಾಟವಿದ್ದ ಕಾಲದ್ದಾದ್ದರಿಂದ ಅಲ್ಲಿನ ಪ್ರಧಾನಾಲಯವನ್ನು ಕೋಟೆಯಂತೆ ಕಟ್ಟಿದ್ದಾರೆ. 1524ರಲ್ಲಿ ಕೆಲಸ ಶುರುವಾದದ್ದು. ಬುರುಜು, ದಪ್ಪ ಗೋಡೆ. ಪ್ರಾರ್ಥನೆಗೂ ಪ್ರಾಣರಕ್ಷಣೆಗೂ ಒಂದೇ ಕಟ್ಟಡ.

ನಾವು ಅಲ್ಮೆರಿಯಾಕ್ಕೆ ಹೋದದ್ದು ಒಬ್ಬ ಬಡಗಿಗಾಗಿ. ಆಂತೋನಿಯೊ ದೆ ತೊರ್ರೆಸ್ ಹುಟ್ಟಿದ್ದು 1817ರ ಜೂನ್ 13ರಂದು, ಪದುವಾದ ಸಂತ ಅಂತೋಣಿಯವರ ಹಬ್ಬದ ದಿನ; ಹೆಸರು ಬಂದ ಬಗೆ ಅದೇ ಇರಬೇಕು. ಊರು ಅಲ್ಮೆರಿಯಾದ ಪಕ್ಕದ ಲಾ ಕಾನ್ಯಾದಾ. ತಂದೆ ತೆರಿಗೆ ವಸೂಲಿಯವರು. ಮಗ ಹನ್ನೆರಡನೆಯ ವಯಸ್ಸಿಗೆ ಬಡಗಿಯ ಹತ್ತಿರ ಕೆಲಸಕ್ಕೆ ಸೇರಿದ. ಸಂತ ಮತ್ತಾಯರ ಮನೆಯಲ್ಲಿ ಹುಟ್ಟಿ ಸಂತ ಜೋಸೆಫರ ಕೊಟ್ಟಿಗೆ ಸೇರಿದ ಹಾಗೆ! ಇಪ್ಪತ್ತು ತುಂಬುವ ಮೊದಲೇ ಮದುವೆ, ಎಳೆಯ ಹೆಣ್ಣುಮಕ್ಕಳ ಸಾವು, 1845ರಲ್ಲಿ ಹೆಂಡತಿಯೂ ಕ್ಷಯಕ್ಕೆ ತುತ್ತು. ಆತ ಸೆವಿಲ್ಲೆಗೆ ಹೋಗಿ ಗಿಟಾರ್ ಮಾಡತೊಡಗಿದ. ಇಂದು ನಾವು ನೋಡುವ ನೈಲಾನ್ ತಂತಿಯ ಗಿಟಾರಿನ ಅಳತೆ, ಆಕಾರ, ಸುಮಾರು 650 ಮಿಲಿಮೀಟರಿನ ತಂತಿಯ ಉದ್ದ, ಮೇಲ್ಹಲಗೆಯ ಒಳಮೈಗೆ ಬೀಸಣಿಗೆಯಂತೆ ಅಂಟಿಸುವ ಕಡ್ಡಿಗಳ ಕ್ರಮ, ಇವೆಲ್ಲ ನೆಲೆಗೊಂಡದ್ದು ಆತನ ಕೈಯಲ್ಲಿ.

ತೊರ್ರೆಸ್‌ಗೆ ಒಂದು ನಂಬಿಕೆಯಿತ್ತು. ಗಿಟಾರಿನ ದನಿ ಇರುವುದು ಮೇಲ್ಹಲಗೆಯಲ್ಲಿ, ಬೆನ್ನು ಪಕ್ಕಗಳ ಮರ ಎಷ್ಟೇ ದುಬಾರಿಯಾದರೂ ಅದು ಎರಡನೆಯ ಮಾತು ಎಂಬುದು. ಅದನ್ನು ತೋರಿಸಲು 1862ರಲ್ಲಿ ಬೆನ್ನು ಪಕ್ಕಗಳನ್ನೆಲ್ಲ ಕಾಗದದ ರಟ್ಟಿನಿಂದ ಮಾಡಿ, ಮೇಲೊಂದು ಒಳ್ಳೆಯ ಹಲಗೆ ಕೂರಿಸಿ ಗಿಟಾರ್ ಮಾಡಿದ. ಅದು ಬಾರ್ಸೆಲೋನಾದ ಸಂಗೀತ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟೆಲ್ಲ ಮಾಡಿದವನಿಗೆ ಹೊಟ್ಟೆ ತುಂಬಲಿಲ್ಲ. 1870ರ ಹೊತ್ತಿಗೆ ಅಲ್ಮೆರಿಯಾಕ್ಕೆ ಮರಳಿ ಪಿಂಗಾಣಿ ಪಾತ್ರೆಗಳ ಅಂಗಡಿ ಇಟ್ಟ. 1875ರ ನಂತರ ಮತ್ತೆ ಗಿಟಾರಿಗೆ ಕೈಹಾಕಿ, 1892ರಲ್ಲಿ ಸಾಯುವವರೆಗೂ ಮಾಡಿದ.

ಈ ಕೊನೆಯ ವರ್ಷಗಳ ಕಥೆ ನಮಗೆ ತಿಳಿದಿರುವುದು ಒಬ್ಬ ಧರ್ಮಗುರುವಿನಿಂದ. ಹೆಸರು ಹ್ವಾನ್ ಮಾರ್ತಿನೆಸ್ ಸಿರ್ವೆಂತ್. ತೊರ್ರೆಸ್ ಮನೆಯ ಆಪ್ತರು. ಮುದುಕನ ಕೈ ನಡುಗುತ್ತಿದ್ದಾಗ ಅಂಟು ಹಾಕುವಂಥ ಕೆಲಸಕ್ಕೆ ತಾವು ಕೈಜೋಡಿಸುತ್ತಿದ್ದುದನ್ನು 1931ರಲ್ಲಿ ಬರೆದ ಒಂದು ಪತ್ರದಲ್ಲಿ ನೆನೆದಿದ್ದಾರೆ. ಒಮ್ಮೆ ಊಟದ ಹೊತ್ತಿನಲ್ಲಿ ದೊಡ್ಡವರೊಬ್ಬರು, ನಿಮ್ಮ ಗುಟ್ಟನ್ನು ಯಾರಿಗಾದರೂ ಹೇಳಿಕೊಟ್ಟು ಹೋಗಿ ಎಂದರಂತೆ. ಗುಟ್ಟು ಬಚ್ಚಿಟ್ಟಿಲ್ಲ, ಆದರೆ ಕೊಟ್ಟು ಹೋಗಲು ಬರುವಂಥದ್ದೂ ಅಲ್ಲ, ಹೆಬ್ಬೆರಳು ತೋರುಬೆರಳುಗಳ ನಡುವೆ ಹಲಗೆ ಹಿಡಿದಾಗ ತುದಿಗೆ ತಿಳಿಯುವುದೇ ಗುಟ್ಟು ಎಂಬ ಅರ್ಥದ ಉತ್ತರ ಕೊಟ್ಟರಂತೆ ತೊರ್ರೆಸ್. ಬೆರಳ ತುದಿಯ ಸ್ಪರ್ಶವನ್ನೇ ಕಳೆದುಕೊಳ್ಳುತ್ತಿದ್ದ ನಮ್ಮ ಮಾಸ್ಟರ ನೆನಪು ನನಗೆ ಬಂದದ್ದು ಸಹಜ. ಹುಡುಗನಿಗೂ ಬಂದಿರಬೇಕು, ಸ್ವಲ್ಪ ಹೊತ್ತು ಸುಮ್ಮನಿದ್ದ.

ತೊರ್ರೆಸ್ ಹೆಸರಿನ ಗಿಟಾರ್ ವಸ್ತುಸಂಗ್ರಹಾಲಯ 2013ರಲ್ಲಿ ತೆರೆಯಿತು. ಅದು ಇರುವ ರಸ್ತೆಗೆ ಧನ್ಯ ದಿಯೇಗೊ ವೆಂತಾಹಾ ಅವರ ಹೆಸರು. ಅಲ್ಮೆರಿಯಾದ ಧರ್ಮಾಧ್ಯಕ್ಷರಾಗಿದ್ದ ಅವರನ್ನು 1936ರ ಆಗಸ್ಟ್‌ನಲ್ಲಿ, ಅಂತರ್ಯುದ್ಧದ ಆರಂಭದಲ್ಲೇ ಕೊಂದರು. 1993ರಲ್ಲಿ ಪೋಪ್ ಎರಡನೆಯ ಜಾನ್ ಪೌಲರು ಅವರನ್ನು ಧನ್ಯರೆಂದು ಘೋಷಿಸಿದರು. ಬಡಗಿಯ ಸ್ಮಾರಕಕ್ಕೆ ಹೋಗುವ ವಿಳಾಸದಲ್ಲಿ ರಕ್ತಸಾಕ್ಷಿಯ ಹೆಸರು ಸಿಕ್ಕಿತು. ಬೀದಿಯ ಫಲಕದ ಕೆಳಗೆ ನಿಂತು ಒಂದು ಪ್ರಾರ್ಥನೆ ಹೇಳಿ ಒಳಗೆ ಹೋದೆವು.

ದೇವಾಲಯದಲ್ಲಿ ಗಿಟಾರ್ ಎಂದರೆ ಎರಡನೆಯ ವ್ಯಾಟಿಕನ್ ಮಹಾಸಭೆಯ ನಂತರ ಬಂದ ಹೊಸ ರೂಢಿ ಎಂದು ನಾವು ತಿಳಿಯುತ್ತೇವೆ. 1963ರ ಡಿಸೆಂಬರಿನಲ್ಲಿ ಹೊರಬಂದ ಆರಾಧನಾವಿಧಿಯ ಶಾಸನ ಪೈಪ್ ಆರ್ಗನ್‌ಗೆ ಹಿರಿಯ ಸ್ಥಾನ ಕೊಟ್ಟು, ಪೂಜೆಗೆ ಒಪ್ಪುವ ಇತರ ವಾದ್ಯಗಳಿಗೂ ಅವಕಾಶ ಮಾಡಿಕೊಟ್ಟದ್ದು ನಿಜ. ಆದರೆ ಅದಕ್ಕೂ ಬಹಳ ಹಿಂದೆ, 1818ರ ಕ್ರಿಸ್ಮಸ್ ಹಿಂದಿನ ಸಂಜೆ, ಆಸ್ಟ್ರಿಯಾದ ಒಬೆರ್ನ್‌ಡೋರ್ಫ್ ಎಂಬ ಊರಿನ ಸಂತ ನಿಕೋಲಾಸರ ದೇವಾಲಯದಲ್ಲಿ 'ಸೈಲೆಂಟ್ ನೈಟ್' ಮೊದಲ ಬಾರಿ ಕೇಳಿಬಂದದ್ದು ಗಿಟಾರಿನ ಜೊತೆಗೇ. ಪದ ಬರೆದವರು ಇಪ್ಪತ್ತಾರು ವರ್ಷದ ಸಹಾಯಕ ಗುರು ಜೋಸೆಫ್ ಮೋರ್, ರಾಗ ಹಾಕಿದವರು ಶಾಲಾ ಮಾಸ್ತರು ಫ್ರಾನ್ಸ್ ಗ್ರೂಬರ್. ಮೋರ್ ಅವರ ಗಿಟಾರ್ ಹಾಲೈನ್ ಎಂಬಲ್ಲಿ ಇಂದಿಗೂ ಇದೆ. ಅಂದು ಅದಕ್ಕೆ ಕಟ್ಟಿದ್ದು ಕರುಳಿನ ತಂತಿ. ಉಕ್ಕಿನ ತಂತಿಯ ಗಿಟಾರ್ ಆಗಿನ್ನೂ ಬಳಕೆಗೆ ಬಂದಿರಲಿಲ್ಲ. ಅದು ಬೆಳೆದದ್ದು ಅಮೆರಿಕದಲ್ಲಿ. ಅಲ್ಲಿನ ಹೆಸರಾಂತ ಮಾರ್ಟಿನ್ ಕಂಪನಿ 1839ರಿಂದ ನೆಲೆಸಿರುವ ಊರಿನ ಹೆಸರು ನಜರೇತ್! ಆ ಕಂಪನಿಯ ಗಿಟಾರುಗಳೂ ಮೊದಲು ಕರುಳಿನವೇ. 1920ರ ದಶಕದಲ್ಲಿ ಬ್ಯಾಂಜೊ, ಮ್ಯಾಂಡೊಲಿನ್‌ಗಳ ಜೊತೆ ಸದ್ದಿನಲ್ಲಿ ಸೆಣಸಬೇಕಾಗಿ ಬಂದಾಗ ಉಕ್ಕು ಸಾಮಾನ್ಯವಾಯಿತು. ಸದ್ದು ಬೇಕಾದ ಕಡೆ ಅದು ಬಂತು, ಸರಿಯಾಗಿಯೇ ಬಂತು.

ಗ್ರನಾಡಾದ ಕೈಕೆಲಸದ ಗಿಟಾರಿಗೆ ಸಾವಿರಾರು ಯೂರೋ. ನಮಗೆ ಎಟುಕುವ ಮಾತಲ್ಲ. ಊರಿಗೆ ಬಂದ ಮೇಲೆ ಮೈಸೂರಿನಲ್ಲಿ ಹತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಕಾರ್ಖಾನೆಯ ಒಂದು ನೈಲಾನ್ ಗಿಟಾರ್ ಕೊಂಡೆವು. ಇಲ್ಲಿ ಗಾಯನ ವೃಂದದವರಿಗೆ ಒಂದು ಮಾತು. ಇದ್ದ ಗಿಟಾರಿಗೇ ತಂತಿ ಬದಲಿಸಿದರಾಯಿತು ಎಂದುಕೊಳ್ಳಬೇಡಿ. ಉಕ್ಕಿನ ಆರು ತಂತಿಗಳ ಒಟ್ಟು ಎಳೆತ 70 ಕಿಲೊ ಮೀರುತ್ತದೆ, ನೈಲಾನಿನದು ಸುಮಾರು 40. ಕ್ಲಾಸಿಕಲ್ ಗಿಟಾರಿಗೆ ಉಕ್ಕು ಕಟ್ಟಿದರೆ ಸೇತುವೆ ಕಿತ್ತು ಬರುತ್ತದೆ. ಉಕ್ಕಿನ ಗಿಟಾರಿಗೆ ನೈಲಾನ್ ಕಟ್ಟಿದರೆ ಮುರಿಯುವುದಿಲ್ಲ, ಆದರೆ ದಪ್ಪ ಹಲಗೆ ಅಲುಗದೆ ದನಿ ಸತ್ತಿರುತ್ತದೆ. ಹೊಸ ನೈಲಾನ್ ತಂತಿ ಒಂದು ವಾರದವರೆಗೆ ಹಿಗ್ಗುತ್ತಲೇ ಇರುತ್ತದೆ. ಹಬ್ಬದ ಹಿಂದಿನ ರಾತ್ರಿ ತಂತಿ ಬದಲಿಸುವ ನಮ್ಮ ಅಭ್ಯಾಸ ಇದಕ್ಕೆ ಸಲ್ಲದು. ಇನ್ನೊಂದು: ಹುಡುಗ ತನ್ನ ಗಿಟಾರಿನ ಬಾಯಿಗೆ ಸಿಕ್ಕಿಸುತ್ತಿದ್ದ ಪಿಕಪ್ ತಂದು ಇದಕ್ಕೂ ಸಿಕ್ಕಿಸಿದ. ಆಂಪ್ಲಿಫೈಯರ್ ಮೌನ! ಅದು ಅಯಸ್ಕಾಂತದ್ದು, ಉಕ್ಕಿಗೆ ಓಗೊಡುತ್ತದೆ, ನೈಲಾನಿಗಲ್ಲ. ಕೊನೆಗೆ ಮುಂದೊಂದು ಮೈಕ್ ಇಟ್ಟೆವು.

ಮಾಸ್ಟರು ಮೊದಲು ಒಪ್ಪಲಿಲ್ಲ. ಉಗುರು ಬೆಳೆಸಲು ಆಗದು, ತೋಟದ ಕೆಲಸದಲ್ಲಿ ಮುರಿಯುತ್ತದೆ ಎಂದರು. ತಾರ್ರೆಗಾ ಕೂಡ ಕೊನೆಯ ವರ್ಷಗಳಲ್ಲಿ ಉಗುರು ಕತ್ತರಿಸಿಕೊಂಡು ಬರಿಯ ಬೆರಳಿನಿಂದಲೇ ನುಡಿಸಿದರು ಎಂದು ಹುಡುಗ ಹೇಳಿದ. ತೊರ್ರೆಸ್ ಮಾಡಿದ ಗಿಟಾರಿನಲ್ಲೇ ನುಡಿಸುತ್ತಿದ್ದರಲ್ಲ, ಆ ತಾರ್ರೆಗಾ. ಮಾಸ್ಟರು ಎರಡು ತಿಂಗಳು ಮನೆಯಲ್ಲಿ ಅಭ್ಯಾಸ ಮಾಡಿದರು. ಎಡಗೈ ಬೆರಳು ಮತ್ತೆ ಒಡೆಯಲಿಲ್ಲ. ಮರಗಟ್ಟಿದ್ದು ಹೋಗಿಲ್ಲ, ಅದು ಹೋಗುವಂಥದ್ದೂ ಅಲ್ಲ. ತಂತಿ ದಪ್ಪಗಿರುವುದರಿಂದ ಎಲ್ಲಿದೆಯೆಂದು ಗೊತ್ತಾಗುತ್ತದೆ ಎನ್ನುತ್ತಾರೆ.

ನವೆಂಬರಿನಿಂದ ಪೂಜೆಯಲ್ಲಿ ಅದನ್ನು ನುಡಿಸತೊಡಗಿದರು. ಎರಡು ಭಾನುವಾರ ದೂರುಗಳು ಬಂದವು. "ಏನ್ ಸ್ವಾಮಿ, ಕ್ವಾಯರ್ ಸತ್ತೋಯ್ತಾ?" ಎಂದು ಒಬ್ಬರು ಬಾಗಿಲಲ್ಲೇ ಕೇಳಿದರು. ಹಿಂದಿನ ಬೆಂಚಿನವರಿಗೆ ಗಿಟಾರ್ ಕೇಳುತ್ತಿರಲಿಲ್ಲ, ಅದು ನಿಜ. ಅವರಿಗೆ ಕೇಳುತ್ತಿದ್ದುದು ಪಕ್ಕದವರ ದನಿ, ಮತ್ತು ತಮ್ಮದು. ಕೆಲವರಿಗೆ ಅದು ನಾಚಿಕೆ. ಮೂರನೆಯ ಭಾನುವಾರಕ್ಕೆ ಹೆಂಗಸರ ಕಡೆಯಿಂದ ಹಾಡು ಮೇಲೇರಿತು.

ಡಿಸೆಂಬರ್ 8ರಂದು ಮಾತೆ ಮರಿಯಮ್ಮನವರ ಅಮಲೋದ್ಭವದ ಹಬ್ಬ. ಕಾಣಿಕೆಯ ಹೊತ್ತಿಗೆ ಮಕ್ಕಳು ಮಾತೆಯ ಹಾಡು ಹೇಳಿದರು. ಗಿಟಾರ್ ಮೆಲ್ಲಗೆ ಹಿಂದಿತ್ತು. ಬಲಿಪೀಠದ ಬಳಿ ನಿಂತ ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತು: "ನೀ ಕಳಂಕ ಮಾತೆ." 'ನಿಷ್ಕಳಂಕ' ಎಂಬುದು ಮಕ್ಕಳ ಬಾಯಲ್ಲಿ 'ನೀ ಕಳಂಕ' ಆಗಿತ್ತು. ಕೇಳಿದರೆ, ಮೂರು ನಾಲ್ಕು ವರ್ಷದಿಂದ ಹಾಗೆಯೇ ಹಾಡುತ್ತಿದ್ದಾರಂತೆ. ಉಕ್ಕಿನ ಹೊಡೆತದಡಿ ಆ ಒತ್ತಕ್ಷರ ಯಾರ ಕಿವಿಗೂ ಬಿದ್ದಿರಲಿಲ್ಲ, ಮಾಸ್ಟರ ಕಿವಿಗೂ. ಪೂಜೆ ಮುಗಿದ ಮೇಲೆ ಅವರು ಮಕ್ಕಳನ್ನು ಮೆಟ್ಟಿಲ ಮೇಲೆ ಕೂರಿಸಿಕೊಂಡು ಷಕಾರಕ್ಕೆ ಕಕಾರ ಒತ್ತು ಕೊಡುವುದನ್ನು ಗಾಳಿಯಲ್ಲಿ ಬರೆದು ತೋರಿಸಿದರು. ತಮಿಳಿನಲ್ಲಿ ಇಂಥ ಒತ್ತು ಇಲ್ಲವಲ್ಲ, ಮಕ್ಕಳಿಗೆ ಮೋಜು. ಆ ಪದಕ್ಕೆ ಅರ್ಥ ಹೇಳಿದಾಗ ಒಬ್ಬ ಹುಡುಗಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹಾಡಿನ ಪುಸ್ತಕ ತಂದು ಬೇರೆ ಪದಗಳನ್ನು ಅವರೇ ಹುಡುಕತೊಡಗಿದರು. ಈಗ ಪ್ರತಿ ಭಾನುವಾರ ಪೂಜೆಯ ನಂತರ ಅರ್ಧ ಗಂಟೆ ಆ ಮೆಟ್ಟಿಲ ಮೇಲೆ ಅದೇ ಕೆಲಸ ನಡೆಯುತ್ತದೆ.

ಹುಡುಗ ತನ್ನ ಉಕ್ಕಿನ ತಂತಿಯ ಗಿಟಾರ್ ಬಿಟ್ಟಿಲ್ಲ. ಬಿಡಬೇಕಾದ್ದೂ ಇಲ್ಲ. ಹಬ್ಬದ ಮೆರವಣಿಗೆಗೆ, ಬಯಲಿನ ಪೂಜೆಗೆ, ಯುವಜನರ ಶಿಬಿರಕ್ಕೆ ಅದೇ ಸರಿ. ಪಿಕ್ ಇಲ್ಲದೆ ಬೆರಳಿನಿಂದ ಮೀಟುವುದನ್ನು ಅದರಲ್ಲೂ ಅಭ್ಯಾಸ ಮಾಡಿಕೊಳ್ಳುತ್ತಿದ್ದಾನೆ. ಎರಡು ಗಿಟಾರುಗಳೂ ಪೂಜಾವಸ್ತ್ರಗಳ ಕೋಣೆಯ ಗೋಡೆಯಲ್ಲಿ ಅಕ್ಕಪಕ್ಕ ತೂಗುತ್ತಿವೆ. ದಿಂಬಂ ಘಾಟಿಯ ಮೇಲೆ ಮಂಜು ಇಳಿದ ಬೆಳಿಗ್ಗೆ ನೈಲಾನಿನದು ಶ್ರುತಿ ತಪ್ಪಿರುತ್ತದೆ. ಅದಕ್ಕಾಗಿ ಮಾಸ್ಟರು ಏಳೂವರೆಯ ಪೂಜೆಗೆ ಆರೂ ಮುಕ್ಕಾಲಿಗೇ ಬಂದು, ಶಾಲು ಹೊದ್ದು ಕುಳಿತು, ಒಂದೊಂದೇ ಬಿರಡೆ ತಿರುಗಿಸುತ್ತಿರುತ್ತಾರೆ.